ಬೆನ್ನಿನ ಮಣ್ಣು

“ಬುದ್ಧೀ, ನಿಜವಾದ ಗುರುವನ್ನು ಗುರುತು ಹಿಡಿಯುವುದು ಹೇಗೆ?”

ಬಸಲಿಂಗ ಈ ಪ್ರಶ್ನೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ದಿನ ಪಟ್ಟಣದ ದೊಡ್ಡ ಮಠದಿಂದ ಇಬ್ಬರು ಪಂಡಿತರು ಬಂದಿದ್ದರು. ಊಟವಾದ ಮೇಲೆ ಗುರುಗಳು ಎಂದಿನಂತೆ ಬಸಲಿಂಗನನ್ನು ಎದುರಿಗೆ ಕೂರಿಸಿಕೊಂಡು ವಾದಕ್ಕೆ ಎಳೆದರು. ಮನುಷ್ಯನ ಪ್ರಯತ್ನ ದೊಡ್ಡದೋ ದೇವರ ಕೃಪೆ ದೊಡ್ಡದೋ ಎಂಬುದು ವಾದ. ಬಸಲಿಂಗ ಒಂದೊಂದೇ ಮಾತು ಜೋಡಿಸುತ್ತಾ ಹೋದ. ಗುರುಗಳು ತಡೆದರು, ತಿರುಗಿಸಿದರು, ಕೊನೆಗೆ ಕೈ ಚೆಲ್ಲಿದರು. “ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲಪ್ಪ. ನೀನು ಗೆದ್ದೆ” ಎಂದರು. ಪಂಡಿತರು ಮುಖ ಮುಖ ನೋಡಿಕೊಂಡು ನಕ್ಕರು. ಹೊರಡುವಾಗ ಅವರಲ್ಲೊಬ್ಬರು ಬಸಲಿಂಗನನ್ನು ಪಕ್ಕಕ್ಕೆ ಕರೆದು, “ಶಿಷ್ಯನ ಕೈಲಿ ಸೋಲುವ ಗುರುವಿನ ಹತ್ತಿರ ನಿನಗಿನ್ನೇನಯ್ಯಾ ಕೆಲಸ? ನಮ್ಮ ಸ್ವಾಮಿಗಳ ಎದುರು ಇದುವರೆಗೆ ಯಾರೂ ಎರಡನೇ ಮಾತು ಆಡಿಲ್ಲ. ಅಲ್ಲಿಗೆ ಬಾ” ಎಂದು ಹೇಳಿ ಹೋದರು.

ಬೆಳಗಾಗುವಷ್ಟರಲ್ಲಿ ಬಸಲಿಂಗ ತನ್ನ ಬಟ್ಟೆಗಳನ್ನು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದ. ಹೇಳದೆ ಹೋಗಲು ಮನಸ್ಸು ಬರಲಿಲ್ಲ. ಹೇಳಿ ಹೋಗಲು ಬಾಯಿ ಬರಲಿಲ್ಲ. ಅದಕ್ಕೇ ಪ್ರಶ್ನೆ ಕೇಳಿದ.

“ಗುರುವನ್ನು ಗುರುತು ಹಿಡಿಯುವುದಾ?” ಎಂದರು ಗುರುಗಳು. “ಹಲಸಿನ ಹಣ್ಣಾಗಿದ್ದರೆ ತಟ್ಟಿ ನೋಡು ಅನ್ನಬಹುದಿತ್ತು. ಕೂತುಕೋ. ಕೈ ಖಾಲಿ ಇಟ್ಟುಕೊಂಡು ಕತೆ ಕೇಳಬಾರದು. ಈ ಕಾಯಿ ಸುಲಿ.”

ಬಸಲಿಂಗ ಕೂತ. ಗುರುಗಳು ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿ ಹೇಳತೊಡಗಿದರು.

ಒಂದು ಊರು. ಆ ಊರಿಗೆ ಕುಸ್ತಿಯ ಹುಚ್ಚು. ಹುಚ್ಚು ಅಂದರೆ ಎಂಥದ್ದು ಅಂತೀಯ? ಹೆಣ್ಣು ಕೊಡಲು ಬಂದವರು ವರನ ಮುಖಕ್ಕಿಂತ ಮೊದಲು ವರನ ಬೆನ್ನು ನೋಡುತ್ತಿದ್ದರು. ಯಾಕೆಂದರೆ ಕುಸ್ತಿಯಲ್ಲಿ ಸೋಲು ಅಂದರೆ ಒಂದೇ, ಬೆನ್ನು ಮಣ್ಣಿಗೆ ತಾಗುವುದು. ಬೆಳಿಗ್ಗೆ ಗರಡಿಮನೆಯಿಂದ ಹೊರಗೆ ಬರುವ ಪೈಲ್ವಾನನ ಬೆನ್ನಿನಲ್ಲಿ ಮಣ್ಣಿದ್ದರೆ, ಬಾವಿಕಟ್ಟೆಯ ಹೆಂಗಸರು ಕೂಡ ‘ಇವತ್ತು ಯಾರ ಕೈಲಿ ಬಿದ್ದೆಯಪ್ಪಾ?’ ಎಂದು ಕೇಳಿಬಿಡುತ್ತಿದ್ದರು. ಮಾನ ಹೋಗುವುದು ಬೇರೆ ಎಲ್ಲೂ ಅಲ್ಲ, ಬೆನ್ನಿನಲ್ಲಿ.

ಊರಿನಲ್ಲಿ ಎರಡು ಗರಡಿ. ಮೇಲಿನ ಬೀದಿಯಲ್ಲಿ ಒಂದು, ಕೆಳಗಿನ ಬೀದಿಯಲ್ಲಿ ಒಂದು. ಮೇಲಿನ ಗರಡಿಯ ಉಸ್ತಾದ್ ಭೈರೋಜಿರಾಯರು. ಕೆಳಗಿನ ಗರಡಿಯ ಉಸ್ತಾದ್ ಪಾಪಣ್ಣನವರು. ಉಸ್ತಾದ್ ಅಂದರೆ ಗೊತ್ತಲ್ಲ, ಗರಡಿಯಲ್ಲಿ ಕುಸ್ತಿ ಕಲಿಸುವ ಗುರು. ಭೈರೋಜಿರಾಯರ ಬೆನ್ನಿಗೆ ಪ್ರಾಯದಿಂದಲೂ ಮಣ್ಣು ತಾಗಿರಲಿಲ್ಲ. ಯಾರಾದರೂ ದೊಡ್ಡವರು ಬಂದರೆ ಅವರ ಶಿಷ್ಯರು ಉಸ್ತಾದರ ಅಂಗಿ ತೆಗೆಸಿ ಬೆನ್ನು ತೋರಿಸುತ್ತಿದ್ದರು. ಹೊಸ ಮದುಮಗಳ ಸೀರೆ ತೋರಿಸಿದ ಹಾಗೆ.

ಪಾಪಣ್ಣನವರ ಬೆನ್ನು? ಅಯ್ಯೋ, ಅದನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಬೆಳಿಗ್ಗೆ ಅವರು ಗರಡಿಯಿಂದ ಹೊರಗೆ ಬಂದರೆ ಕತ್ತಿನಿಂದ ಸೊಂಟದವರೆಗೆ ಒರೆಸಿದರೂ ಹೋಗದ ಕೆಮ್ಮಣ್ಣಿನ ಕಲೆ. ಪ್ರತಿದಿನ. ಹೊಟ್ಟೆಪಾಡಿಗೆ ಎರಡು ಎಮ್ಮೆ ಕಟ್ಟಿಕೊಂಡಿದ್ದ ಮನುಷ್ಯ. ಕೋಳಿ ಕೂಗುವ ಮೊದಲೇ ಎದ್ದು ಬಂದು ಗುದ್ದಲಿ ಹಿಡಿದು ಮಟ್ಟಿ ಅಗೆಯುತ್ತಿದ್ದರು. ಮಟ್ಟಿ ಅಂದರೆ ಕುಸ್ತಿ ಆಡುವ ಮಣ್ಣು. ಅದಕ್ಕೆ ಮಜ್ಜಿಗೆ, ಎಳ್ಳೆಣ್ಣೆ, ಅರಿಸಿನ ಬೆರೆಸಿ, ಕಲ್ಲಿನ ಹರಳೊಂದೂ ಉಳಿಯದ ಹಾಗೆ ಕೈಯಲ್ಲೇ ಆರಿಸುತ್ತಿದ್ದರು. ಮಗಳ ಮದುವೆಯ ದಿನ ಕೂಡ ಬಂದು ಮಟ್ಟಿ ಅಗೆದು, ಕೈ ತೊಳೆದುಕೊಂಡು ಧಾರೆ ಎರೆಯಲು ಹೋದರು. ಒಂದು ವರ್ಷ ಗಾಳಿಗೆ ಗರಡಿಯ ಹೆಂಚು ಹಾರಿಹೋಯಿತು. ಹೆಂಚು ಹೊದಿಸುವವರೆಗೆ ಹುಣಿಸೆಮರದ ಕೆಳಗೆ ಮಟ್ಟಿ ಹಾಕಿ ಕಲಿಸಿದರು. ಆಗ ಊರಿನವರು, ‘ಈ ಪಾಪಣ್ಣನಿಗೆ ಬೀಳುವುದಕ್ಕೆ ಹೆಂಚಿನ ಮನೆ ಬೇರೆ ಬೇಕಾ!’ ಎಂದು ನಗುತ್ತಿದ್ದರು.

ಅವರು ಕಲಿಸುತ್ತಿದ್ದ ರೀತಿ ಹಾಗಿತ್ತು. ಹೊಸಬ ಬಂದರೆ ಮೊದಲ ದಿನವೇ ಅವನ ಕೈ ತಮ್ಮ ತೋಳಿನ ಮೇಲೆ ಇಡಿಸಿ, ‘ಎತ್ತಿ ಒಗಿ’ ಎನ್ನುತ್ತಿದ್ದರು. ಅವನು ಸುಮ್ಮನೆ ಎಳೆದರೂ ಸಾಕು, ಪೂರ್ತಿಯಾಗಿ ಬಿದ್ದುಬಿಡುತ್ತಿದ್ದರು. ಮಾರನೆಯ ದಿನ ಎಳ್ಳಿನಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದರು. ಅದರ ಮಾರನೆಯ ದಿನ ಇನ್ನೊಂದು ಎಳ್ಳಿನಷ್ಟು. ಹೀಗೆ ಶಿಷ್ಯನಿಗೆ ತಿಳಿಯದ ಹಾಗೆ ಅವನ ಕೈಗೆ ಬಲ ಬರುತ್ತಿತ್ತು. ಸುಳ್ಳು ಗೆಲುವು ಎಲ್ಲಿ ಮುಗಿಯಿತು, ನಿಜವಾದ ಗೆಲುವು ಎಲ್ಲಿ ಶುರುವಾಯಿತು, ಅವನಿಗೇ ಗೊತ್ತಾಗುತ್ತಿರಲಿಲ್ಲ.

ಆ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಕೆಡವಿದವನೇ ಬಿದ್ದವನ ಬೆನ್ನು ಒರೆಸಬೇಕು. ಬಾಗಿಲ ಪಕ್ಕದ ಗೂಟದಲ್ಲಿ ಒಂದು ವಸ್ತ್ರ ತೂಗುತ್ತಿತ್ತು. ಗೆದ್ದವನು ಹೋಗಿ ಅದನ್ನು ತಂದು, ಸೋತವನ ಬೆನ್ನಿನ ಮಣ್ಣನ್ನು ತನ್ನ ಕೈಯಾರೆ ಒರೆಸಿ, ಆಮೇಲೆ ಆಂಜನೇಯನಿಗೆ ಕೈ ಮುಗಿಯಬೇಕು. ಬೇರೆ ಯಾರೂ ಒರೆಸುವಂತಿಲ್ಲ. ‘ಬೆನ್ನು ಒರೆಸಿದ ಕೈಗೆ ಸೊಕ್ಕು ಏರುವುದಿಲ್ಲ’ ಎನ್ನುತ್ತಿದ್ದರು ಪಾಪಣ್ಣನವರು.

ಗುರುಗಳು ಒಂದು ಹುಳುಕು ಕಾಯಿಯನ್ನು ಅಂಗಳಕ್ಕೆ ಎಸೆದರು. ಬಸಲಿಂಗ ಕಾಯಿ ಸುಲಿಯುತ್ತಾ ಬಾಗಿಲ ಕಡೆಗೆ ಒಮ್ಮೆ ನೋಡಿದ. ಗಂಟು ಕಾಣಿಸುತ್ತಿರಲಿಲ್ಲ. ಗುರುಗಳು ಮುಂದುವರಿಸಿದರು.

ಆ ಗರಡಿಗೆ ಜವರ ಎನ್ನುವವನು ಬಂದ. ಗಾಣದವನ ಮಗ. ಎಣ್ಣೆಯ ಗಾಣಕ್ಕೆ ಎತ್ತಿಲ್ಲದ ದಿನ ಇವನೇ ಹೆಗಲು ಕೊಡಬಹುದು, ಅಂಥ ಮೈ. ಮೊದಲು ಮೇಲಿನ ಗರಡಿಗೆ ಹೋಗಿದ್ದ. ಭೈರೋಜಿರಾಯರು ಅವನ ನಡಿಗೆ ನೋಡಿ, ‘ಮೈಗೆ ಬಲ ಇದೆ, ಕಾಲಿಗೆ ಬುದ್ಧಿ ಇಲ್ಲ. ಆಗಲ್ಲ ಹೋಗಪ್ಪ’ ಎಂದಿದ್ದರು. ಪಾಪಣ್ಣನವರು ಮಾತ್ರ, ‘ಕಾಲು ನಿನ್ನದೇ ತಾನೇ? ಹಾಗಾದರೆ ಬಾ’ ಎಂದರು.

ವರ್ಷಗಟ್ಟಲೆ ಕಲಿಸಿದರು. ಜವರನಿಗೆ ಒಂದು ಪಟ್ಟು ಬಹಳ ಚೆನ್ನಾಗಿ ಕೂತಿತು. ಎದುರಾಳಿಯ ತೋಳು ಹಿಡಿದು, ಮೈ ತಿರುಗಿಸಿ, ಅವನನ್ನು ಹೆಗಲ ಮೇಲಿಂದ ಮುಂದಕ್ಕೆ ಒಗೆಯುವುದು. ಅಗಸ ಬಟ್ಟೆ ಒಗೆದಂತೆ. ಅದಕ್ಕೇ ಅದಕ್ಕೆ ದೋಬಿ ಪಟ್ಟು ಅಂತ ಹೆಸರು. ಆ ಪಟ್ಟಿನಲ್ಲಿ ಅವನು ಉಸ್ತಾದರನ್ನು ಎಷ್ಟು ಸಲ ಒಗೆದಿದ್ದನೋ ಲೆಕ್ಕ ಇಟ್ಟವರಿಲ್ಲ. ಪ್ರತಿ ಸಲವೂ ವಸ್ತ್ರ ತಂದು ಬೆನ್ನು ಒರೆಸುತ್ತಿದ್ದ.

ಒಂದು ದಿನ ಊರಿನ ಯಜಮಾನರು ಗರಡಿಗೆ ಬಂದರು. ಪಕ್ಕದ ಸೀಮೆಯ ಹೆಸರಾಂತ ಪೈಲ್ವಾನನೊಬ್ಬನ ಜೊತೆ ಪಂದ್ಯ ಗೊತ್ತುಮಾಡಬೇಕಿತ್ತು. ನಮ್ಮ ಕಡೆಯಿಂದ ಯಾರು ಎಂದು ನೋಡಲು ಬಂದಿದ್ದರು. ಪಾಪಣ್ಣನವರು ಲಂಗೋಟಿ ಬಿಗಿದು ಮಟ್ಟಿಗೆ ಇಳಿದರು. ತೊಡೆ ತಟ್ಟಿ, ‘ಬಾರೋ ಜವರ’ ಎಂದರು. ಹಿಡಿತ ಬಿತ್ತು. ಆವತ್ತಿನ ಹಿಡಿತ ಹಿಂದಿನ ದಿನಗಳ ಹಾಗೆ ಇರಲಿಲ್ಲ. ಇಬ್ಬರ ಕತ್ತಿನ ನರಗಳೂ ಉಬ್ಬಿದವು. ಆಮೇಲೆ ಜವರ ಮೈ ತಿರುಗಿಸಿದ. ಉಸ್ತಾದರು ಹೆಗಲ ಮೇಲಿಂದ ಹಾರಿ ಬೆನ್ನು ಕೆಳಗಾಗಿ ಬಿದ್ದರು. ಗರಡಿಯ ಗೋಡೆ ಅದುರಿತು.

ಯಜಮಾನರು ಚಪ್ಪಾಳೆ ತಟ್ಟಿ ನಕ್ಕರು. ‘ಏನ್ ಪಾಪಣ್ಣಾ! ಗುರುವಿಗೇ ತಿರುಮಂತ್ರ ಆಯ್ತಲ್ಲಯ್ಯಾ!’ ಎಂದರು. ಎಲ್ಲರೂ ಜವರನನ್ನು ಮುತ್ತಿಕೊಂಡರು. ತೋಳು ಮುಟ್ಟಿ ನೋಡುವವರೇನು, ಭುಜ ತಟ್ಟುವವರೇನು! ಆ ಗಲಾಟೆಯಲ್ಲಿ ವಸ್ತ್ರ ಗೂಟದಲ್ಲೇ ಉಳಿಯಿತು. ಮರೆತನೇ? ಮೊದಲು ಮರೆತ. ಆಮೇಲೆ ನೆನಪಾಯಿತು. ನೆನಪಾದಾಗ ಅಷ್ಟು ಜನ ದೊಡ್ಡವರ ಎದುರು ಬಗ್ಗಿ ಬೆನ್ನು ಒರೆಸುವುದಕ್ಕೆ ನಾಚಿಕೆಯಾಯಿತು. ಮನುಷ್ಯನ ಬುದ್ಧಿ ನೋಡು, ಮರೆತದ್ದಕ್ಕಿಂತ ನೆನಪಾದ ಮೇಲೆ ಮಾಡಿದ್ದೇ ಕೆಟ್ಟದ್ದು.

ಪಾಪಣ್ಣನವರು ಸ್ವಲ್ಪ ಹೊತ್ತು ಮಟ್ಟಿಯ ಮೇಲೆ ಹಾಗೇ ಕೂತಿದ್ದರು. ಆಮೇಲೆ ಎದ್ದು, ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಬರಿ ಬೆನ್ನಿನಲ್ಲಿ ಪೇಟೆ ಬೀದಿಯಲ್ಲಿ ಮನೆಗೆ ನಡೆದರು. ಬೆನ್ನಿನ ತುಂಬಾ ಮಣ್ಣು. ಯಾವತ್ತೂ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದವರು ಆವತ್ತು ಪೇಟೆ ಬೀದಿಯಲ್ಲೇ ಹೋದರು. ಇಡೀ ಪೇಟೆ ನಕ್ಕಿತು. ‘ಮುದುಕನಿಗೆ ನಾಚಿಕೆಯೂ ಹೋಯಿತು’ ಎಂದಿತು.

ಆ ನಗು ಜವರನಿಗೆ ಚುಚ್ಚಿತು. ಉಸ್ತಾದರ ಮೇಲಿನ ಮರುಕದಿಂದಲ್ಲ. ಇಂಥವರ ಶಿಷ್ಯ ಅನ್ನಿಸಿಕೊಳ್ಳಬೇಕಲ್ಲ ಅಂತ. ‘ನಾನೇ ಕೆಡವಿದ ಮೇಲೆ ಇವರ ಹತ್ತಿರ ಇನ್ನೇನು ಉಳಿದಿದೆ? ಬೆನ್ನಿಗೆ ಮಣ್ಣು ತಾಗದವರ ಹತ್ತಿರ ಕಲಿಯಬೇಕು’ ಎಂದುಕೊಂಡ. ಮಾರನೆಯ ದಿನವೇ ಮೇಲಿನ ಗರಡಿಗೆ ಹೋದ. ಈಗ ಭೈರೋಜಿರಾಯರು ಅವನ ಕಾಲಿನ ಮಾತು ಎತ್ತಲಿಲ್ಲ.

ಬಸಲಿಂಗನ ಕೈ ಕಾಯಿಯ ಮೇಲೆ ನಿಂತುಹೋಯಿತು. “ಸುಲಿಯಪ್ಪ, ಸುಲಿ. ಮಧ್ಯಾಹ್ನದ ಸಾರಿಗೆ ಬೇಕು” ಎಂದರು ಗುರುಗಳು.

ಭೈರೋಜಿರಾಯರು ಕೆಟ್ಟವರಲ್ಲ, ಕೇಳು. ಕತೆಯಲ್ಲಿ ಒಬ್ಬರು ಒಳ್ಳೆಯವರಾದರೆ ಇನ್ನೊಬ್ಬರನ್ನು ರಾಕ್ಷಸ ಮಾಡುವುದು ನನಗೆ ಹಿಡಿಸುವುದಿಲ್ಲ. ಅವರಿಗೆ ನಿಜವಾಗಿಯೂ ಬಲ ಇತ್ತು, ವಿದ್ಯೆಯೂ ಇತ್ತು. ಆದರೆ ಆ ಗರಡಿಯಲ್ಲಿ ಗೆಲ್ಲುವವರು ಅವರೊಬ್ಬರೇ. ಜವರ ದೋಬಿ ಪಟ್ಟು ಹಾಕಲು ಮೈ ತಿರುಗಿಸಿದ ಕೂಡಲೇ ಅವರು ಅರ್ಧದಲ್ಲೇ ಜಾರಿಕೊಂಡು ಅವನನ್ನು ಕೆಡವುತ್ತಿದ್ದರು. ‘ಇನ್ನೂ ಕಲೀಬೇಕು ಮಗನೇ!’ ಎಂದು ನಗುತ್ತಿದ್ದರು. ಜವರನಿಗೆ ಬೆರಗು. ‘ಆಹಾ, ಇವರಲ್ಲವೇ ಗುರು!’ ಎಂದುಕೊಂಡು ದಿನವೂ ಬಿದ್ದ. ದಿನವೂ ಅರ್ಧ ಎತ್ತಿದ, ದಿನವೂ ಬಿದ್ದ. ತಿಂಗಳುಗಟ್ಟಲೆ ಅವನ ಕೈ ಒಂದು ಪಟ್ಟನ್ನೂ ಪೂರ್ತಿ ಮಾಡಲಿಲ್ಲ.

ಪಂದ್ಯದ ದಿನ ಬಂತು. ಮೈದಾನದ ತುಂಬಾ ಜನ. ಜವರ ಪಕ್ಕದ ಸೀಮೆಯ ಪೈಲ್ವಾನನ ತೋಳು ಹಿಡಿದ, ಮೈ ತಿರುಗಿಸಿದ, ಅವನನ್ನು ನೆಲದಿಂದ ಎತ್ತಿಯೇಬಿಟ್ಟ. ಊರಿಗೆ ಊರೇ ಎದ್ದು ನಿಂತಿತು. ಅಷ್ಟರಲ್ಲಿ ಜವರನ ಕೈ ಕಾದಿತು. ಏನನ್ನು ಕಾದಿತು ಗೊತ್ತಾ? ಈಗ ಜಾರಿಕೊಳ್ಳುತ್ತಾನೆ ಅಂತ ಕಾದಿತು. ಎದುರಾಳಿ ಜಾರಿಕೊಂಡಿರಲಿಲ್ಲ, ಜಾರಿಕೊಳ್ಳುವ ದಾರಿಯೂ ಅವನಿಗಿರಲಿಲ್ಲ. ಇವನ ಕೈಯೇ ದಾರಿ ಮಾಡಿಕೊಟ್ಟಿತು. ಕಣ್ಣು ಮಿಟುಕಿಸುವುದರಲ್ಲಿ ಜವರನ ಬೆನ್ನು ಮಣ್ಣಿನಲ್ಲಿತ್ತು.

ಭೈರೋಜಿರಾಯರು ಜನರ ಕಡೆ ತಿರುಗಿ ಜೋರಾಗಿ ಹೇಳಿದರು: ‘ನಾನೇನು ಮಾಡಲಿ ಸ್ವಾಮಿ? ಕೆಳಗಿನ ಗರಡಿಯ ಮಣ್ಣು. ಎಷ್ಟು ತೊಳೆದರೂ ಹೋಗಲ್ಲ.’

ಜವರ ಮನೆ ಸೇರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟ ಬೇಡ, ಮಾತು ಬೇಡ. ಕೆಲವು ದಿನ ನೋಡಿ ಅವನ ಅಪ್ಪ ಬಂದು ನಿಂತ. ‘ಎತ್ತು ಮಲಗಿದರೆ ಗಾಣ ನಿಲ್ಲುತ್ತೆ. ನೀನು ಮಲಗಿದರೆ ಏನು ನಿಲ್ಲುತ್ತೋ? ಊರು ನಿನ್ನನ್ನ ಆಗಲೇ ಮರೆತಾಯ್ತು. ಏಳು. ಯಾರ ಕಾಲು ಹಿಡಿಯಬೇಕೋ ಹೋಗಿ ಹಿಡಿ’ ಎಂದ. ಗಾಣದವರ ಮಾತು, ಹಿಂಡಿದರೆ ಎಣ್ಣೆ ಬರುತ್ತದೆ.

ಮಾರನೆಯ ದಿನ ಬೆಳಕು ಹರಿಯುವಾಗ ಜವರ ಕೆಳಗಿನ ಗರಡಿಯ ಬಾಗಿಲಿಗೆ ಹೋದ. ಒಳಗೆ ಹೋಗಲು ಕಾಲು ಬರಲಿಲ್ಲ. ಬಾಗಿಲ ಸಂದಿನಲ್ಲಿ ನಿಂತು ನೋಡಿದ. ಒಬ್ಬ ನೇಕಾರ, ಕಡ್ಡಿಯಂಥ ಆಳು, ಮಗ್ಗದಲ್ಲಿ ಕೂತು ಕೂತು ಬೆನ್ನು ಬಾಗಿದವನು, ಪಾಪಣ್ಣನವರ ತೋಳು ಹಿಡಿದು ಒದ್ದಾಡುತ್ತಿದ್ದ. ಪಾಪಣ್ಣನವರು ಬಿದ್ದರು. ಎದ್ದರು. ‘ಇನ್ನೊಂದು ಸಲ’ ಎಂದರು. ಬಿದ್ದರು. ಎದ್ದರು. ಅವರ ಎಡ ಮಂಡಿಗೆ ಎಕ್ಕದ ಎಲೆ ಕಟ್ಟಿತ್ತು. ಏಳುವಾಗ ಪ್ರತಿ ಸಲವೂ ಒಂದು ಕೈಯನ್ನು ನೆಲಕ್ಕೆ ಊರುತ್ತಿದ್ದರು.

ಜವರ ಅದೇ ಮಟ್ಟಿಯಲ್ಲಿ ವರ್ಷಗಟ್ಟಲೆ ಇದ್ದವನು. ಆದರೆ ಹೊರಗೆ ನಿಂತು ನೋಡಿದ್ದು ಆವತ್ತೇ ಮೊದಲು. ನೋಡುತ್ತಾ ನೋಡುತ್ತಾ ಅವನ ಕಣ್ಣು ಉಸ್ತಾದರ ಹಿಮ್ಮಡಿಯ ಮೇಲೆ ನಿಂತಿತು. ನೇಕಾರ ಎಳೆದಾಗಲೆಲ್ಲ ಆ ಹಿಮ್ಮಡಿ ನೆಲ ಬಿಡುವ ಮೊದಲು ಒಂದು ಚೂರು ತಡೆಯುತ್ತಿತ್ತು. ಪ್ರತಿ ಸಲ ಹಿಂದಿನ ಸಲಕ್ಕಿಂತ ಒಂದು ಎಳ್ಳಿನಷ್ಟು ಹೆಚ್ಚು. ನೇಕಾರನ ಬಲ ಎಷ್ಟು ಎಂದು ನೇಕಾರನಿಗೆ ಗೊತ್ತಿರಲಿಲ್ಲ. ಆ ಹಿಮ್ಮಡಿಗೆ ಗೊತ್ತಿತ್ತು. ಜವರ, ‘ಅಯ್ಯೋ ಶಿವನೇ, ನನ್ನನ್ನೂ ಹೀಗೇ ಬೆಳೆಸಿದರಲ್ಲ!’ ಎಂದು ಬಾಯಿ ಬಿಟ್ಟೇ ಅಂದುಬಿಟ್ಟ.

ಪಾಪಣ್ಣನವರು ತಿರುಗಿ ನೋಡಿದರು. ಬಯ್ಯಲಿಲ್ಲ. ‘ಬಂದೆಯಾ? ಬಾಗಿಲು ಪೂರ್ತಿ ತೆಗಿ, ಗಾಳಿ ಬರಲಿ’ ಎಂದರು.

ಜವರ ಒಳಗೆ ಹೋಗಿ ಕಾಲಿಗೆ ಬಿದ್ದ. ಎದ್ದು ಕೇಳಿದ್ದು ಒಂದೇ ಮಾತು. ‘ಉಸ್ತಾದ್, ಯಜಮಾನರು ಬಂದಿದ್ದ ದಿನ ನೀವು ನನಗೋಸ್ಕರ ಬೇಕಂತಲೇ ಬಿದ್ದಿರಾ?’

‘ಇಲ್ಲ ಕಣೋ’ ಎಂದರು ಪಾಪಣ್ಣನವರು. ಅವರ ಮುಖ ಅರಳಿತು. ‘ಆವತ್ತು ನಿಜವಾಗ್ಲೂ ಬಿದ್ದೆ. ಕಾಲು ಊರಿ, ಉಸಿರು ಕಟ್ಟಿ, ಇರೋ ಬಲ ಎಲ್ಲಾ ಹಾಕಿ ನಿಂತಿದ್ದೆ. ಆದರೂ ಎತ್ತಿ ಒಗೆದೆ ನನ್ನ! ಎಷ್ಟು ಜನಕ್ಕೆ ಬಿದ್ದಿದೀನೋ, ಬೀಳಿಸ್ಕೊಂಡಿದ್ದು ಅದೇ ಮೊದಲು. ಊರಿಗೆಲ್ಲ ಕಾಣಲಿ ಅಂತ ಪೇಟೆ ಬೀದೀಲೇ ಮನೆಗೆ ಹೋದೆ. ನಮ್ಮ ಮನೆಯವಳಿಗೆ ಹೇಳಿದೆ, ಪಾಯಸ ಮಾಡೇ, ಹುಡುಗ ಬೆನ್ನು ಒರೆಸೋಕೆ ಮನೆಗೇ ಬರ್ತಾನೆ ಅಂತ. ಸಂಜೆವರೆಗೂ ಸ್ನಾನ ಮಾಡದೆ ಕೂತಿದ್ದೆ. ಪಾಯಸ ಆರಿ ಕೆನೆ ಕಟ್ಟಿತು. ಆಮೇಲೆ ಎಮ್ಮೆ ಕರೆಯೋ ಹೊತ್ತಾಯ್ತು.’

ಊರು ಯಾವುದನ್ನು ಸೋಲು ಎಂದು ನಕ್ಕಿತ್ತೋ ಅದು ಆ ಮನುಷ್ಯನ ಮೆರವಣಿಗೆಯಾಗಿತ್ತು.

ಜವರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಳುತ್ತಾ ಹೋಗಿ ಗೂಟದಿಂದ ವಸ್ತ್ರ ತೆಗೆದುಕೊಂಡು ಬಂದ. ಉಸ್ತಾದರ ಬೆನ್ನಿಗೆ ಕೈ ಹಾಕಿದ. ಪಾಪಣ್ಣನವರು ಅವನ ಕೈ ಹಿಡಿದು ತಡೆದರು. ಈಗ ಮಾತ್ರ ದನಿ ಗಟ್ಟಿಯಾಯಿತು.

‘ಮುಟ್ಟಬೇಡ. ಇದು ನಿನ್ನ ಮಣ್ಣಲ್ಲ. ಈ ನೇಕಾರ ಬೆಳಗಿನಿಂದ ಬೆವರು ಸುರಿಸಿ ಹಾಕಿರೋ ಮಣ್ಣು. ಅವನೇ ಒರೆಸ್ತಾನೆ. ನಿನಗೆ ನನ್ನ ಬೆನ್ನು ಒರೆಸಬೇಕು ಅಂತಿದ್ದರೆ ಮಟ್ಟಿಗಿಳಿ. ಕೆಡವು. ಆಮೇಲೆ ಒರೆಸು.’

ನೇಕಾರ ಬಂದು ವಸ್ತ್ರ ತೆಗೆದುಕೊಂಡ. ಎಷ್ಟು ಹೆಮ್ಮೆಯಿಂದ ಒರೆಸಿದ ಅಂತೀಯ! ಜವರ ಪಕ್ಕದಲ್ಲಿ ನಿಂತು ನೋಡಿದ. ಲೋಕದಲ್ಲಿ ಅವನಿಗೆ ಆಗ ಬೇಕಾಗಿದ್ದದ್ದು ಆ ವಸ್ತ್ರವೊಂದೇ. ಗೆದ್ದವರಿಗೆ ಕೊಡುವ ಗದೆಯಲ್ಲ, ಪಂದ್ಯವಲ್ಲ. ಅದು ಕೈಗೆ ಸಿಗಬೇಕಾದರೆ ಪಟ್ಟು ಪೂರ್ತಿಯಾಗಬೇಕು. ಅವನ ಕೈ ಪಟ್ಟನ್ನು ಪೂರ್ತಿ ಮಾಡುವುದನ್ನೇ ಮರೆತಿತ್ತು.

ಮಾರನೆಯ ದಿನದಿಂದ ಮತ್ತೆ ಶುರು. ಓಂನಾಮದಿಂದ. ಜವರ ತೋಳು ಹಿಡಿಯುತ್ತಿದ್ದ, ತಿರುಗುತ್ತಿದ್ದ, ಎತ್ತುತ್ತಿದ್ದ, ಅರ್ಧದಲ್ಲಿ ನಿಲ್ಲುತ್ತಿದ್ದ. ಪಾಪಣ್ಣನವರು ಅವನ ಹೆಗಲ ಮೇಲಿಂದ ಪಕ್ಕಕ್ಕೆ ಉರುಳಿ ಕತ್ತು ಉಳುಕಿಸಿಕೊಂಡು ಬೀಳುತ್ತಿದ್ದರು. ಅದು ಬೀಳುವುದಲ್ಲ. ಎಲ್ಲ ಕಡೆಯೂ ಪೆಟ್ಟು. ಜವರ, ‘ಸಾಕು ಉಸ್ತಾದ್, ನನ್ನ ಕೈಲಿ ಆಗಲ್ಲ, ನಿಮಗೆ ನೋವಾಗುತ್ತೆ’ ಎನ್ನುತ್ತಿದ್ದ.

‘ಲೋ ಗಾಣದೆತ್ತೇ!’ ಎಂದು ಅವರು ಕೆಳಗಿನಿಂದಲೇ ಗದರುತ್ತಿದ್ದರು. ‘ಪೂರ್ತಿ ಕೆಡವಿದರೆ ಬೆನ್ನಿಗೆ ಮಣ್ಣು ಹತ್ತುತ್ತೆ, ಅಷ್ಟೇ. ಅರ್ಧಕ್ಕೆ ಬಿಟ್ಟರೆ ಮೂಳೆ ಮುರಿಯುತ್ತೆ. ನನ್ನ ಮೇಲೆ ಕರುಣೆ ಇದ್ದರೆ ಪೂರ್ತಿ ಕೆಡವು!’

ಎಂಥ ಮಾತು ನೋಡು. ನಾನು ಇಷ್ಟು ಗ್ರಂಥ ಓದಿದ್ದೇನೆ, ಕರುಣೆಗೆ ಇಂಥ ಅರ್ಥ ಎಲ್ಲೂ ಕಂಡಿಲ್ಲ.

ಮಳೆಗಾಲ ಹೋಯಿತು. ಚಳಿ ಬಂತು. ಚಳಿಯಲ್ಲಿ ಹಳೆಯ ಮಂಡಿ ಹೇಗೆ ಕಾಡುತ್ತದೆ ಎಂದು ನಿನಗೆ ಈಗ ಗೊತ್ತಾಗುವುದಿಲ್ಲ, ಮುಂದೆ ಗೊತ್ತಾಗುತ್ತದೆ. ಪಾಪಣ್ಣನವರು ಒಂದು ದಿನವೂ ತಪ್ಪಿಸಲಿಲ್ಲ. ಮಟ್ಟಿ ಅಗೆಯುವುದನ್ನಾದರೂ ನಾನು ಮಾಡುತ್ತೇನೆ ಎಂದು ಜವರ ಅವರಿಗಿಂತ ಮುಂಚೆ ಬರಲು ನೋಡಿದ. ಎಷ್ಟು ಬೇಗ ಬಂದರೂ ಗುದ್ದಲಿಯ ಸದ್ದು ಆಗಲೇ ಕೇಳುತ್ತಿತ್ತು. ‘ನಾನು ಬೀಳೋ ಜಾಗ ನಾನೇ ಹಸನು ಮಾಡ್ಕೋಬೇಕಪ್ಪ’ ಎನ್ನುತ್ತಿದ್ದರು. ಅವರ ಹೆಂಡತಿ ರಾತ್ರಿ ಕಾಯಿಸಿದ ಎಣ್ಣೆ ಹಚ್ಚುವಾಗ ಬಯ್ಯುತ್ತಿದ್ದರಂತೆ: ‘ಬಿಟ್ಟು ಹೋದವನಿಗೆ ಇಷ್ಟೊಂದು ಯಾಕ್ರೀ?’ ಅದಕ್ಕೆ ಇವರು, ‘ಬಿಟ್ಟು ಹೋಗಿದ್ದು ಅವನು. ನಾನೆಲ್ಲಿ ಬಿಟ್ಟೆ?’ ಎನ್ನುತ್ತಿದ್ದರಂತೆ.

ಚಳಿ ಕಳೆಯುವ ಹೊತ್ತಿಗೆ ಜವರನ ಕೈಗೆ ನೆನಪು ಬಂತು. ಮೊದಲು ಹತ್ತರಲ್ಲಿ ಒಂದು. ಆಮೇಲೆ ಎರಡಕ್ಕೆ ಒಂದು. ಜವರ ಓಡಿಹೋಗಿ ವಸ್ತ್ರಕ್ಕೆ ಕೈ ಹಾಕಿದರೆ ಪಾಪಣ್ಣನವರು ತಲೆ ಅಲ್ಲಾಡಿಸುತ್ತಿದ್ದರು. ‘ಬಿಡು. ಇದು ನಾನು ಕೊಟ್ಟದ್ದು. ನೀನು ತಗೊಂಡಾಗ ಹೇಳ್ತೀನಿ.’

ಒಂದು ಬೆಳಿಗ್ಗೆ ಅವರು ಮಂಡಿಗೆ ಕಟ್ಟಿದ್ದ ಎಕ್ಕದ ಎಲೆ ಬಿಚ್ಚಿ ಪಕ್ಕಕ್ಕೆ ಇಟ್ಟರು. ಆಂಜನೇಯನಿಗೆ ಕೈ ಮುಗಿದರು. ಮಟ್ಟಿಯ ನಡುವೆ ಬಂದು ಎರಡೂ ಕಾಲು ಊರಿ ನಿಂತರು. ಜವರ ತೋಳು ಹಿಡಿದ ಕೂಡಲೇ ಗೊತ್ತಾಯಿತು, ಇವತ್ತು ಎಳ್ಳಿನಷ್ಟೂ ಕೊಡುವುದಿಲ್ಲ. ಕಂಬ ಹಿಡಿದ ಹಾಗಿತ್ತು. ಹಿಂದೆ ಸರಿದರು, ಮುಂದೆ ಬಂದರು, ಇಬ್ಬರ ಉಸಿರೂ ಗರಡಿಯ ತುಂಬಾ ಕೇಳಿಸಿತು. ನೇಕಾರನೂ ಉಳಿದವರೂ ಸಾಮು ನಿಲ್ಲಿಸಿ ನೋಡಿದರು. ಜವರ ಮೈ ತಿರುಗಿಸಿದ. ಎತ್ತಿದ. ಕೈ ಕಾಯಲಿಲ್ಲ. ಒಗೆದ.

ಪಾಪಣ್ಣನವರು ಅಂಗಾತ ಬಿದ್ದು, ಕಣ್ಣು ಬಿಟ್ಟುಕೊಂಡು, ಅಲುಗಾಡದೆ ಮಲಗಿದರು. ಜವರ ‘ಉಸ್ತಾದ್!’ ಎಂದು ಕೂಗಿದ.

‘ಕಿರುಚಬೇಡ’ ಎಂದರು ಅವರು ಮಲಗಿದಲ್ಲಿಂದಲೇ. ನಗುತ್ತಿದ್ದರು. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ‘ಏನು ನೋಡ್ತಾ ನಿಂತಿದೀಯ? ವಸ್ತ್ರ ತಗೊಂಡು ಬಾ.’

ಜವರ ವಸ್ತ್ರ ತಂದ. ಉಸ್ತಾದರನ್ನು ಎಬ್ಬಿಸಿ ಕೂರಿಸಿ ಬೆನ್ನು ಒರೆಸಿದ. ವರ್ಷಗಟ್ಟಲೆ ಒರೆಸಿದ್ದ ಬೆನ್ನೇ ಅದು. ಆದರೆ ನೋಡಿದ್ದು ಆವತ್ತು. ಮಣ್ಣು ಹೋದ ಹಾಗೆ ಚರ್ಮ ಕಂಡಿತು. ಉಜ್ಜಿ ಉಜ್ಜಿ ಒರಟಾದ ಚರ್ಮ. ಹಳೆಯ ಗಾಯ, ಅದರ ಮೇಲೆ ಹೊಸ ಗಾಯ. ಮಾಸಿದ ಕಲೆಗಳಿಗೆ ಲೆಕ್ಕವಿಲ್ಲ. ಊರಿನಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಪೈಲ್ವಾನರು ಮೊದಲ ಪಟ್ಟು ಕಲಿತದ್ದು ಆ ಬೆನ್ನಿನ ಮೇಲೆ. ಅವರ ಬೆನ್ನುಗಳೆಲ್ಲ ನುಣುಪಾಗಿದ್ದವು. ಇವರದ್ದು ಹೀಗಿತ್ತು. ಜವರ ಒರೆಸುವುದನ್ನು ನಿಲ್ಲಿಸಿ ಆ ಬೆನ್ನಿಗೆ ಹಣೆ ಹಚ್ಚಿದ.

‘ಅಷ್ಟು ಸಾಕು’ ಎಂದರು ಪಾಪಣ್ಣನವರು. ‘ಓಡು ನಮ್ಮ ಮನೆಗೆ. ಪಾಯಸಕ್ಕೆ ಇಡು ಅಂತ ನಮ್ಮ ಮನೆಯವಳಿಗೆ ಹೇಳು. ಈ ಸಲ ಆರುವುದಕ್ಕೆ ಬಿಡಬೇಡ.’

ಗುರುಗಳು ಮಾತು ನಿಲ್ಲಿಸಿದರು. ಬುಟ್ಟಿಯಲ್ಲಿ ಕಾಯಿ ಮುಗಿದಿತ್ತು. ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

ಬಸಲಿಂಗ ಕೇಳಿದ: “ಆಮೇಲೆ ಆ ಪಕ್ಕದ ಸೀಮೆಯ ಪೈಲ್ವಾನನ ಜೊತೆ ಮತ್ತೆ ಪಂದ್ಯ ಆಯಿತೇ ಬುದ್ಧಿ?”

“ಆಯಿತು. ಜವರ ಗೆದ್ದ. ಬೆಳ್ಳಿಯ ಗದೆ ಕೊಟ್ಟರು. ಅದರಲ್ಲೇನಿದೆ? ಪ್ರತಿ ಪಂದ್ಯದಲ್ಲೂ ಯಾರೋ ಒಬ್ಬ ಗೆದ್ದೇ ಗೆಲ್ಲುತ್ತಾನೆ.”

ಬಸಲಿಂಗ ತಲೆ ತಗ್ಗಿಸಿ ಕೂತ. ಹಿಂದಿನ ದಿನದ ವಾದ ಅವನಿಗೆ ಮೊದಲಿನಿಂದ ನೆನಪಾಯಿತು. ಮಠಕ್ಕೆ ಬಂದ ಹೊಸತರಲ್ಲಿ ತಾನು ತೊದಲಿ ಹೇಳಿದ ಮಾತಿಗೂ ಗುರುಗಳು ‘ಹೌದಲ್ಲಪ್ಪ, ನಾನು ಸೋತೆ’ ಎಂದದ್ದು ನೆನಪಾಯಿತು. ವರ್ಷದಿಂದ ವರ್ಷಕ್ಕೆ ಅವರ ಪ್ರಶ್ನೆಗಳು ಒಂದೊಂದು ಎಳ್ಳಿನಷ್ಟು ಗಟ್ಟಿಯಾಗುತ್ತಾ ಬಂದದ್ದು ನೆನಪಾಯಿತು. ನಿನ್ನೆ ವಾದ ಮುಗಿದ ಮೇಲೆ ಅವರ ಮುಖ ಅರಳಿತ್ತು. ಪಂಡಿತರು ನಕ್ಕದ್ದನ್ನು ನೋಡುವ ಭರದಲ್ಲಿ ಅವನು ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ರಾತ್ರಿ ಎಲೆಯ ತುದಿಯಲ್ಲಿ ಪಾಯಸ ಬಡಿಸಿದ್ದರು. ಯಾಕೆ ಎಂದು ಅವನು ಕೇಳಿರಲಿಲ್ಲ.

ಗುರುಗಳು ಹೊದ್ದಿದ್ದ ಶಾಲು ತೆಗೆದು ಪಕ್ಕಕ್ಕೆ ಇಟ್ಟು, ಅವನ ಕಡೆಗೆ ಬೆನ್ನು ತಿರುಗಿಸಿ ಕೂತರು.

“ಬಾಗಿಲ ಹಿಂದಿನ ಗಂಟು ಎತ್ತಿಕೊಳ್ಳುವ ಮುಂಚೆ, ಈ ಬೆನ್ನು ಒಂದು ಸಲ ಒರೆಸಿ ಹೋಗಪ್ಪ.”